ಬೋಗನ್‌ವಿಲ್ಲಾ ಹೂ ಬಿಡದಿದ್ದರೆ, ಚಳಿಗೆ ಸೊರಗಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೋಗನ್‌ವಿಲ್ಲಾ, ಅಂದರೆ ಕಾಗದದ ಹೂವಿನ ಬಳ್ಳಿ, ಬಹುಪಾಲು ಕೆಡುವುದು ಅತಿ ಆರೈಕೆಯಿಂದ. ದಿನಾ ನೀರು, ಮೇಲಿಂದ ಮೇಲೆ ಗೊಬ್ಬರ, ಬಿಸಿಲು ತಾಗದ ಜಾಗ ಸಿಕ್ಕರೆ ಎಲೆ ಹುಲುಸಾಗುತ್ತದೆ, ಹೂ ಬರುವುದಿಲ್ಲ, ಚಳಿಗಾಲ ಬಂದಾಗ ಬೇರು ಕೊಳೆಯುತ್ತದೆ. ಕೆಳಗಿನ ಉತ್ತರಗಳು ಕುಂಡದ ಗಿಡಕ್ಕೂ ನೆಲದ ಗಿಡಕ್ಕೂ ಹೊಂದುತ್ತವೆ. ಕ್ರಮ ಬೇರೆಯಾಗುವ ಕಡೆ ಬೇರೆಯಾಗಿಯೇ ಹೇಳಿದೆ.

ಬಳ್ಳಿ ಹಚ್ಚಗೆ ಚೆನ್ನಾಗಿ ಬೆಳೆದಿದೆ, ಹೂ ಮಾತ್ರ ಇಲ್ಲ. ಏನು ಕಾರಣ?

ಕಾರಣಗಳನ್ನು ಒಂದು ಕ್ರಮದಲ್ಲಿ ನೋಡುತ್ತ ಹೋಗಿ. ಮೊದಲು ಬಿಸಿಲು. ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೀಳದಿದ್ದರೆ ಉಳಿದ ಯಾವ ಉಪಾಯವೂ ನಡೆಯುವುದಿಲ್ಲ. ಬಿಸಿಲು ಸರಿಯಿದ್ದರೆ ಮುಂದಿನ ಅನುಮಾನ ಸಾರಜನಕದ ಮೇಲೆ. ಯೂರಿಯಾ ಹಾಕಿದ್ದರೆ, ಹುಲ್ಲುಹಾಸಿಗೆ ಹಾಕಿದ ಗೊಬ್ಬರ ಪಕ್ಕದ ಬಳ್ಳಿಯ ಬುಡಕ್ಕೂ ಹರಿದಿದ್ದರೆ, ಹಸಿ ಸಗಣಿ ಸುರಿದಿದ್ದರೆ ಗಿಡ ಎಲೆ ಮತ್ತು ಉದ್ದನೆಯ ಕೊಂಬೆಗಳ ಮೇಲೆಯೇ ಶಕ್ತಿ ಖರ್ಚು ಮಾಡುತ್ತದೆ. ಮೂರನೆಯದು ನೀರು: ಮಣ್ಣು ಒಣಗಲು ಬಿಡದೆ ದಿನಾ ಹಾಕುತ್ತಿದ್ದರೆ ಹೂಮೊಗ್ಗು ಕಟ್ಟುವ ಪ್ರೇರಣೆಯೇ ಸಿಗುವುದಿಲ್ಲ. ನಾಲ್ಕನೆಯದು ಕತ್ತರಿ. ಬೋಗನ್‌ವಿಲ್ಲಾ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಬೇಲಿ ಸಮ ಮಾಡಿದಂತೆ ಎರಡು ವಾರಕ್ಕೊಮ್ಮೆ ತುದಿ ಸವರುತ್ತಿದ್ದರೆ ಹೂ ಬರಬೇಕಾದ ಜಾಗವೇ ಕಸದ ಬುಟ್ಟಿಗೆ ಹೋಗುತ್ತದೆ.

ಇನ್ನೆರಡು ಕಾರಣ ಅಪರೂಪ, ಆದರೂ ತಿಳಿದಿರಲಿ. ಗಿಡಕ್ಕಿಂತ ತುಂಬ ದೊಡ್ಡ ಕುಂಡದಲ್ಲಿ ನೆಟ್ಟಿದ್ದರೆ ಬೇರು ಆ ಮಣ್ಣನ್ನೆಲ್ಲ ಆವರಿಸುವವರೆಗೂ ಹೂ ತಡವಾಗುತ್ತದೆ. ಹಾಗೆಯೇ, ಈ ಗಿಡ ಹಗಲು ಚಿಕ್ಕದಾಗಿ ರಾತ್ರಿ ಉದ್ದವಿರುವಾಗ ಹೆಚ್ಚು ಹೂ ಬಿಡುವ ಜಾತಿ. ರಾತ್ರಿಯಿಡೀ ಉರಿಯುವ ಪ್ರಬಲ ದೀಪದ ಕೆಳಗಿದ್ದರೆ ಕೆಲವು ತಳಿಗಳು ಮೊಗ್ಗು ಕಟ್ಟಲು ಹಿಂದೇಟು ಹಾಕುತ್ತವೆ.

ಬಣ್ಣ ಬಣ್ಣವಾಗಿ ಕಾಣುವುದು ಹೂವಲ್ಲ ಎನ್ನುತ್ತಾರಲ್ಲ, ನಿಜವೇ?

ನಿಜ. ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿ. ಮೂರು ಬಣ್ಣದೆಲೆಗಳು ಸೇರಿ ನಿಂತಿರುತ್ತವೆ. ಪ್ರತಿಯೊಂದರ ನಡುನರಕ್ಕೆ ಅಂಟಿಕೊಂಡು ಒಂದು ಸಣ್ಣ ಕೊಳವೆ ಎದ್ದಿರುತ್ತದೆ. ಅದರ ತುದಿ ಅರಳಿದಾಗ ಬಿಳಿ ಅಥವಾ ಕೆನೆಬಣ್ಣದ ಪುಟ್ಟ ನಕ್ಷತ್ರ ಕಾಣುತ್ತದೆ. ಹೂ ಅದೇ. ಬಣ್ಣದೆಲೆ ಕೀಟಗಳನ್ನು ಕರೆಯುವ ಕೆಲಸ ಮಾಡುತ್ತದೆ.

ಇದರಿಂದ ತೋಟಗಾರನಿಗೊಂದು ಲಾಭವಿದೆ. ಕೊಳವೆ ಹೂ ಬಾಡಿದರೂ ಬಣ್ಣದೆಲೆ ಹಲವು ವಾರ ನಿಲ್ಲುತ್ತದೆ, ಹಾಗಾಗಿಯೇ ಒಂದು ಸಲದ ಹೂ 4–6 ವಾರ ಬಾಳುತ್ತದೆ. ಬಣ್ಣ ಮಾಸಿ ಕಾಗದದಂತಾಗಿ ಉದುರಿದರೆ ಅದು ಸಹಜ ಮುಕ್ತಾಯ. ಬಣ್ಣ ಇನ್ನೂ ಗಾಢವಾಗಿರುವಾಗಲೇ ರಾಶಿ ಉದುರಿದರೆ ನೀರು, ಚಳಿಗಾಳಿ ಅಥವಾ ಜಾಗ ಬದಲಾವಣೆಯ ತೊಂದರೆ. ಸುತ್ತು ಸುತ್ತಾಗಿ ದಟ್ಟ ಬಣ್ಣದೆಲೆಗಳಿರುವ ಜೋಡಿದಳದ ತಳಿಗಳು ಮಾತ್ರ ಒಣಗಿದ ಮೇಲೂ ಉದುರಿಸುವುದಿಲ್ಲ. ಅವನ್ನು ಕೈಯಿಂದಲೇ ಕತ್ತರಿಸಿ ತೆಗೆಯಬೇಕು, ಇಲ್ಲವಾದರೆ ಗಿಡದ ತುಂಬ ಕಂದು ಗೊಂಚಲುಗಳು ಜೋತಾಡುತ್ತವೆ.

ನೀರು ಎಷ್ಟು, ಎಷ್ಟು ದಿನಕ್ಕೊಮ್ಮೆ?

ದಿನ ಎಣಿಸಿ ನೀರು ಹಾಕುವ ಪದ್ಧತಿಯನ್ನೇ ಬಿಡಿ. ಕುಂಡದ ಮಣ್ಣಿನಲ್ಲಿ ಬೆರಳನ್ನು 4–5 ಸೆಂ.ಮೀ. ಆಳಕ್ಕೆ ಇಳಿಸಿ. ಅಲ್ಲಿ ತಂಪಿದ್ದರೆ ಇವತ್ತು ನೀರು ಬೇಡ. ಒಣಗಿದ್ದರೆ ತಳದ ತೂತಿನಿಂದ ನೀರು ಹೊರಬರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಹಾಕಿದರೆ ತುಂಬ, ಇಲ್ಲವಾದರೆ ಏನೂ ಬೇಡ. ದಿನಾ ಒಂದು ಲೋಟ ಚಿಮುಕಿಸಿದರೆ ಮೇಲಿನ ಮಣ್ಣು ಸದಾ ಒದ್ದೆ, ಕೆಳಗಿನ ಬೇರು ಸದಾ ಒಣ, ಎರಡೂ ಕೆಡುಕೇ.

ಕುಂಡ ಎತ್ತಬಲ್ಲಷ್ಟು ಚಿಕ್ಕದಾಗಿದ್ದರೆ ತೂಕವೇ ಒಳ್ಳೆಯ ಅಳತೆ. ನೀರು ಹಾಕಿದ ಮೇಲೊಮ್ಮೆ ಎತ್ತಿ ನೋಡಿ, ಒಣಗಿದಾಗೊಮ್ಮೆ ಎತ್ತಿ ನೋಡಿ. ವಾರದಲ್ಲಿ ಕೈಗೆ ಅಂದಾಜು ಸಿಗುತ್ತದೆ.

ನೆಲದಲ್ಲಿ ಬೇರು ಬಿಟ್ಟು ಒಂದೆರಡು ವರ್ಷ ಕಳೆದ ಬಳ್ಳಿಗೆ ತೀರ ಒಣಹವೆಯ ದಿನಗಳನ್ನು ಬಿಟ್ಟರೆ ನೀರೇ ಬೇಕಿಲ್ಲ. ಹೊಸದಾಗಿ ನೆಟ್ಟ ಗಿಡಕ್ಕೆ ಮಾತ್ರ ಮೊದಲ ಬೇಸಿಗೆಯಲ್ಲಿ ವಾರಕ್ಕೊಂದೆರಡು ಸಲ ಆಳವಾಗಿ ಕೊಡಿ.

ನೀರು ನಿಲ್ಲಿಸಿದರೆ ಹೂ ಬರುತ್ತದಂತೆ. ಅದನ್ನು ಸರಿಯಾಗಿ ಮಾಡುವುದು ಹೇಗೆ?

ಬರುತ್ತದೆ, ಆದರೆ ಆರೋಗ್ಯವಾಗಿರುವ, ಬಿಸಿಲಿನಲ್ಲಿರುವ, ಸಾಕಷ್ಟು ಚಿಗುರಿರುವ ಗಿಡದಲ್ಲಿ ಮಾತ್ರ. ಸೊರಗಿದ ಗಿಡವನ್ನು ಒಣಗಿಸಿದರೆ ಸಾಯುತ್ತದೆ.

ಮೊದಲು ಎಲ್ಲ ಉದ್ದ ಕೊಂಬೆಗಳ ತುದಿ ಚಿವುಟಿ, ಪಕ್ಕದ ಚಿಗುರುಗಳು 10–15 ಸೆಂ.ಮೀ. ಬೆಳೆಯುವವರೆಗೆ ಎಂದಿನಂತೆ ನೀರು ಕೊಡಿ. ಆಮೇಲೆ ನಿಲ್ಲಿಸಿ. ಎಳೆ ಎಲೆಗಳು ಜೋತುಬಿದ್ದು, ಸಂಜೆಯ ತಂಪಿಗೂ ನೆಟ್ಟಗಾಗದಿದ್ದಾಗ ಅರ್ಧ ಪ್ರಮಾಣದ ನೀರು ಹಾಕಿ. ಮತ್ತೆ ಜೋತುಬೀಳುವವರೆಗೆ ಕಾಯಿರಿ. ಹೀಗೆ 2–3 ವಾರ ನಡೆಸಿದರೆ ಚಿಗುರಿನ ತುದಿಯಲ್ಲಿ, ಎಲೆಯ ಕಂಕುಳಲ್ಲಿ, ಸಾಸಿವೆ ಗಾತ್ರದ ಬಣ್ಣದ ಮೊನೆಗಳು ಕಾಣಿಸಿಕೊಳ್ಳುತ್ತವೆ. ಕಂಡ ಕೂಡಲೇ ಒಣಗಿಸುವುದನ್ನು ಬಿಟ್ಟು ಎಂದಿನ ಕ್ರಮಕ್ಕೆ ಬನ್ನಿ, ಇಲ್ಲವಾದರೆ ಆ ಮೊಗ್ಗುಗಳೇ ಉದುರುತ್ತವೆ.

ಇದರ ಹಿಂದಿನ ಕಾರಣ ಎಲೆಯ ಕಂಕುಳಲ್ಲೇ ಇದೆ. ಅಲ್ಲಿ ಮೂಡುವ ಒಂದೇ ಮೊಗ್ಗು ಹೂಗೊಂಚಲೂ ಆಗಬಲ್ಲದು, ಮುಳ್ಳೂ ಆಗಬಲ್ಲದು. ನೀರು, ಸಾರಜನಕ ಧಾರಾಳವಾಗಿ ಸಿಕ್ಕಿ ಬಳ್ಳಿ ರಭಸದಿಂದ ಬೆಳೆಯುತ್ತಿದ್ದಾಗ ಅದು ಮುಳ್ಳಾಗುತ್ತದೆ. ಬೆಳವಣಿಗೆಯ ವೇಗ ತಗ್ಗಿ, ಎಲೆಯಲ್ಲಿ ತಯಾರಾದ ಸಕ್ಕರೆ ಉಳಿದಾಗ ಹೂವಾಗುತ್ತದೆ. ಮುಳ್ಳೇ ಮುಳ್ಳು ತುಂಬಿದ ದಪ್ಪ ಕೊಂಬೆ ಕಂಡರೆ ಆ ಗಿಡಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿದೆ ಎಂದು ತಿಳಿಯಿರಿ.

ಯಾವ ಗೊಬ್ಬರ ಒಳ್ಳೆಯದು?

ಕುಂಡದ ಗಿಡಕ್ಕೆ ಬೆಳೆಯುವ ಕಾಲದಲ್ಲಿ ಮೂರು ವಾರಕ್ಕೊಮ್ಮೆ ಸಮತೋಲದ ನೀರಲ್ಲಿ ಕರಗುವ ಗೊಬ್ಬರ, ಚೀಲದ ಮೇಲೆ ಹೇಳಿದ ಪ್ರಮಾಣದ ಅರ್ಧ. ಜೊತೆಗೆ ಕಬ್ಬಿಣ, ಮೆಗ್ನೀಸಿಯಂ, ಮ್ಯಾಂಗನೀಸ್ ಇರುವ ಸೂಕ್ಷ್ಮ ಪೋಷಕಾಂಶದ ಮಿಶ್ರಣ ಸಿಕ್ಕರೆ ಒಳ್ಳೆಯದು. ಈ ಗಿಡಕ್ಕೆ ಅವುಗಳ ಕೊರತೆ ಬೇಗ ತಟ್ಟುತ್ತದೆ. ಒಣಗಿದ ಮಣ್ಣಿಗೆ ಗೊಬ್ಬರದ ನೀರು ಹಾಕಬೇಡಿ, ಬೇರು ಸುಡುತ್ತದೆ. ಮೊದಲು ಸಾದಾ ನೀರು, ಆಮೇಲೆ ಗೊಬ್ಬರ. ನೆಲದ ಗಿಡಕ್ಕೆ ವರ್ಷಕ್ಕೊಮ್ಮೆ, ಚಳಿ ಮುಗಿದು ಚಿಗುರುವ ಹೊತ್ತಿಗೆ, ಚೆನ್ನಾಗಿ ಕಳಿತ ಗೊಬ್ಬರ ಎರಡು ಮೂರು ಬೊಗಸೆ ಸಾಕು.

ರಂಜಕ ಸುರಿದರೆ ಹೂ ಸುರಿಯುತ್ತದೆ ಎಂಬ ನಂಬಿಕೆ ಬಲವಾಗಿದೆ. ಮೂಳೆ ಪುಡಿಯನ್ನು ಹಿಡಿ ಹಿಡಿ ಹಾಕುವವರಿದ್ದಾರೆ. ಮಣ್ಣಿನಲ್ಲಿ ರಂಜಕ ಮಿತಿಮೀರಿದರೆ ಕಬ್ಬಿಣ ಬೇರಿಗೆ ಸಿಗದಂತಾಗುತ್ತದೆ, ಎಲೆ ಬಿಳಿಚುತ್ತದೆ. ಹೂವಿಗೆ ಬೇಕಾದ್ದು ಬಿಸಿಲು.

ಎಲೆ ಹಳದಿಯಾಗುತ್ತಿದೆ.

ಯಾವ ಎಲೆ, ಹೇಗೆ ಹಳದಿ ಎಂದು ಮೊದಲು ನೋಡಿ. ಕೆಳಗಿನ ಹಳೆಯ ಎಲೆಗಳು ಪೂರ್ತಿ ಹಳದಿಯಾಗಿ ಉದುರುತ್ತಿದ್ದು ಮಣ್ಣು ಒದ್ದೆಯಿದ್ದರೆ ನೀರು ಹೆಚ್ಚಾಗಿದೆ. ಒಂದು ಬೇರನ್ನು ಕೆದಕಿ ನೋಡಿ: ಕಂದಾಗಿ ಮೆತ್ತಗಾಗಿದ್ದು ಎಳೆದರೆ ಸಿಪ್ಪೆ ಜಾರಿ ಬರುತ್ತಿದ್ದರೆ ಕೊಳೆತ ಶುರುವಾಗಿದೆ. ತುದಿಯ ಎಳೆ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಕೀಲೇಟ್ ರೂಪದ, ಅಂದರೆ ಬೇರು ಸುಲಭವಾಗಿ ಹೀರಬಲ್ಲ, ಕಬ್ಬಿಣ ಕೊಡಿ. ಅದೇ ಚಿತ್ರ ಹಳೆಯ ಎಲೆಗಳಲ್ಲಿದ್ದರೆ ಮೆಗ್ನೀಸಿಯಂ. ಒಂದು ಲೀಟರ್ ನೀರಿಗೆ 5 ಗ್ರಾಂ ಎಪ್ಸಂ ಉಪ್ಪು ಕರಗಿಸಿ ಸಂಜೆ ಎಲೆಗೆ ಸಿಂಪಡಿಸಿ, ಎರಡು ವಾರ ಬಿಟ್ಟು ಇನ್ನೊಮ್ಮೆ. ಮಣ್ಣಿನ ರಸಸಾರ (ಪಿಎಚ್) 5.5–6.5ರ ನಡುವೆ ಇದ್ದರೆ ಈ ಕೊರತೆಗಳು ಕಡಿಮೆ. ಗಡಸು ನೀರು ಹಾಕುತ್ತ ಬಂದ ಕುಂಡದಲ್ಲಿ ರಸಸಾರ ಮೆಲ್ಲಗೆ ಏರುತ್ತದೆ, ಗೊಬ್ಬರವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಮಳೆನೀರು ಹಿಡಿದಿಟ್ಟು ಹಾಕುವುದು ಇದಕ್ಕೆ ಸುಲಭದ ಮದ್ದು.

ಕುಂಡ, ಮಣ್ಣು ಹೇಗಿರಬೇಕು? ಕುಂಡ ಬದಲಿಸುವುದು ಯಾವಾಗ?

ಮಣ್ಣಿನ ಗುಣ ಒಂದೇ: ನೀರು ಹಾಕಿದ ಕೂಡಲೇ ಬಸಿದು ಹೋಗಬೇಕು. ಎರಡು ಪಾಲು ತೋಟದ ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಕಳಿತ ಗೊಬ್ಬರ ಸಾಕು. ಮಣ್ಣು ಜೇಡಿಯಾಗಿದ್ದರೆ ಮರಳನ್ನು ಎರಡು ಪಾಲು ಮಾಡಿ, ಅಥವಾ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಸೇರಿಸಿ. ಬರೀ ತೆಂಗಿನ ನಾರಿನ ಪುಡಿಯಲ್ಲಿ ನೆಡಬೇಡಿ, ಅದು ಚಳಿಗಾಲದಲ್ಲಿ ವಾರಗಟ್ಟಲೆ ಒದ್ದೆಯಾಗಿ ಕೂರುತ್ತದೆ. ಸುಟ್ಟ ಮಣ್ಣಿನ ಕುಂಡ ಪ್ಲಾಸ್ಟಿಕ್‌ಗಿಂತ ಒಳ್ಳೆಯದು, ಏಕೆಂದರೆ ಗೋಡೆಯ ಮೂಲಕವೂ ತೇವ ಆರುತ್ತದೆ.

ಬೇರು ಕುಂಡದ ತುಂಬ ಬಿಗಿದುಕೊಂಡಿದ್ದಾಗಲೇ ಹೂ ಚೆನ್ನಾಗಿ ಬರುತ್ತದೆ. ಹಾಗಾಗಿ ತಳದ ತೂತಿನಿಂದ ಬೇರು ಹೊರಬಂದ ಮಾತ್ರಕ್ಕೆ ಕುಂಡ ಬದಲಿಸಬೇಕಿಲ್ಲ. ಬೆಳಿಗ್ಗೆ ಹಾಕಿದ ನೀರು ಸಂಜೆಗೆ ಸಾಲದೆ ಗಿಡ ಬಾಡುವಂತಾದಾಗ ಬದಲಿಸಿ, ಅದೂ ಈಗಿನದಕ್ಕಿಂತ 5 ಸೆಂ.ಮೀ. ಮಾತ್ರ ಅಗಲವಾದ್ದಕ್ಕೆ. ಚಳಿ ಕಳೆದು ಚಿಗುರು ಹೊರಡುವ ಸಮಯ ಇದಕ್ಕೆ ಸೂಕ್ತ.

ಇಲ್ಲಿ ಬಹಳ ಗಿಡಗಳು ಸಾಯುತ್ತವೆ. ಬೋಗನ್‌ವಿಲ್ಲಾದ ಕೊಂಬೆ ಎಷ್ಟು ಗಟ್ಟಿಯೋ ಬೇರು ಅಷ್ಟೇ ನಾಜೂಕು. ಬುಡ ಹಿಡಿದು ಎಳೆಯಬೇಡಿ, ಬೇರು ಬಿಡಿಸಬೇಡಿ, ತೊಳೆಯಬೇಡಿ. ಹಿಂದಿನ ದಿನ ನೀರು ಹಾಕಿಡಿ. ಪ್ಲಾಸ್ಟಿಕ್ ಕುಂಡವಾದರೆ ತಳವನ್ನು ಚಾಕುವಿನಿಂದ ಕತ್ತರಿಸಿ ತೆಗೆದು, ಹೊಸ ಕುಂಡದಲ್ಲಿ ಇಟ್ಟ ಮೇಲೆ ಬದಿಯನ್ನು ಸೀಳಿ ಮೇಲಕ್ಕೆ ಜಾರಿಸಿ. ಬೇರುಂಡೆ ಅಲುಗುವುದೇ ಇಲ್ಲ. ಮೊದಲಿದ್ದ ಆಳಕ್ಕೇ ನೆಡಿ.

ಯಾವಾಗ ಸವರಬೇಕು, ಎಷ್ಟು ಸವರಬೇಕು?

ದೊಡ್ಡ ಸವರಿಕೆ ವರ್ಷಕ್ಕೊಮ್ಮೆ: ಚಳಿ ಮುಗಿಯುತ್ತ ಬಂದು ಹೊಸ ಚಿಗುರಿಗೆ ಸ್ವಲ್ಪ ಮುಂಚೆ. ಒಣಗಿದ್ದು, ಸಣಕಲು, ಒಳಮುಖವಾಗಿ ಬೆಳೆದದ್ದು ತೆಗೆಯಿರಿ. ಗಟ್ಟಿ ಕೊಂಬೆಗಳನ್ನು ಉಳಿಸಿಕೊಂಡು ಅವುಗಳ ಪಕ್ಕದ ಕವಲುಗಳನ್ನು 2–3 ಗೆಣ್ಣು ಬಿಟ್ಟು ಕತ್ತರಿಸಿ. ಮೂರನೇ ಒಂದು ಭಾಗದವರೆಗೆ ತೆಗೆದರೂ ಗಿಡ ತಡೆದುಕೊಳ್ಳುತ್ತದೆ. ಸಣ್ಣ ಸವರಿಕೆ ಪ್ರತಿ ಸಲ ಹೂ ಮುಗಿದ ಮೇಲೆ: ಹೂ ಬಿಟ್ಟ ತುದಿಗಳನ್ನು 10–15 ಸೆಂ.ಮೀ. ತೆಗೆದುಬಿಟ್ಟರೆ ಒಂದರ ಜಾಗದಲ್ಲಿ ಎರಡು ಮೂರು ಚಿಗುರು ಬಂದು ಮುಂದಿನ ಸರದಿಯ ಹೂ ಹೆಚ್ಚುತ್ತದೆ.

ಚಳಿಗಾಲಕ್ಕೆ ಆರು ವಾರ ಮೊದಲಿನಿಂದ ಕತ್ತರಿ ಮುಟ್ಟಬೇಡಿ. ಆಗ ಹೊರಡುವ ಎಳೆ ಚಿಗುರು ಬಲಿಯುವಷ್ಟರಲ್ಲಿ ಚಳಿ ಬಂದು ಸುಟ್ಟುಬಿಡುತ್ತದೆ. ಕೈಗೆ ದಪ್ಪ ಚರ್ಮದ ಗವಸು, ಉದ್ದ ತೋಳಿನ ಅಂಗಿ ಇರಲಿ. ಮುಳ್ಳು ಚುಚ್ಚಿದ ಜಾಗ ಕೆಲವರಿಗೆ ಬಾತು ಕೆರೆತ ಬರುತ್ತದೆ.

ಚಪ್ಪರಕ್ಕೆ ತಾನಾಗಿ ಹಬ್ಬುವುದಿಲ್ಲ, ಏನು ಮಾಡುವುದು?

ಇದಕ್ಕೆ ಕುಡಿಬಳ್ಳಿಯೂ ಇಲ್ಲ, ಅಂಟು ಬೇರೂ ಇಲ್ಲ. ಕಾಡಿನಲ್ಲಿ ಮುಳ್ಳನ್ನೇ ಕೊಕ್ಕೆಯಾಗಿಸಿಕೊಂಡು ಬೇರೆ ಗಿಡಗಳ ಮೇಲೆ ಒರಗಿ ಏರುತ್ತದೆ. ತೋಟದಲ್ಲಿ ನಾವೇ ಕಟ್ಟಬೇಕು. ಬಟ್ಟೆಯ ಪಟ್ಟಿ ಅಥವಾ ಮೆತ್ತನೆಯ ದಾರದಿಂದ ಸಡಿಲವಾಗಿ, ಎಂಟರ ಆಕಾರದಲ್ಲಿ ಕಟ್ಟಿ. ನೆಟ್ಟಗೆ ಮೇಲೇರುವ ಕೊಂಬೆಯನ್ನು ಎಳೆಯದಾಗಿರುವಾಗಲೇ ಬಾಗಿಸಿ ಅಡ್ಡಲಾಗಿ ಕಟ್ಟಿದರೆ ಅದರ ಉದ್ದಕ್ಕೂ ಕವಲೊಡೆದು ಹೂ ಬರುತ್ತದೆ. ನೆಟ್ಟಗೆ ಬಿಟ್ಟರೆ ತುದಿಯಲ್ಲಿ ಮಾತ್ರ.

ಒಂದೇ ಗಿಡದಲ್ಲಿ ಬೇರೆ ಬಣ್ಣ ಬಂದಿದೆ.

ಕಸಿಗಂಟಿನ ಕೆಳಗಿನಿಂದ ಎದ್ದ ಕೊಂಬೆಯಾಗಿದ್ದರೆ ಅದು ಬುಡದ ಗಿಡದ್ದು. ಬುಡಸಮೇತ ತೆಗೆಯಿರಿ, ಇಲ್ಲವಾದರೆ ಒಂದೆರಡು ವರ್ಷದಲ್ಲಿ ಅದೇ ಮೇಲುಗೈ ಸಾಧಿಸುತ್ತದೆ. ಕಸಿಗಂಟಿನ ಮೇಲೆ ಬಂದಿದ್ದರೆ ತಳಿಯ ಸಹಜ ಬದಲಾವಣೆ. ಮೇರಿ ಪಾಮರ್‌ನಂಥ ತಳಿಗಳು ಒಂದೇ ಗಿಡದಲ್ಲಿ ಬಿಳಿ ಮತ್ತು ಗುಲಾಬಿ ಎರಡನ್ನೂ ಬಿಡುವುದಕ್ಕೇ ಹೆಸರಾದವು.

ಎಲೆಯ ಅಂಚು ಯಾರೋ ಕಚ್ಚಿದಂತಿದೆ, ಹುಳು ಮಾತ್ರ ಕಾಣುವುದಿಲ್ಲ.

ಕಡ್ಡಿಯ ಬಣ್ಣದ್ದೇ ಆದ, ಬೆನ್ನು ಬಾಗಿಸಿ ನಡೆಯುವ ಕೊಂಡಿಹುಳು ಇರಬೇಕು. ರಾತ್ರಿ ತಿನ್ನುತ್ತದೆ, ಹಗಲು ಕೊಂಬೆಗೆ ಅಂಟಿಕೊಂಡು ಕಡ್ಡಿಯಂತೆಯೇ ನಿಂತಿರುತ್ತದೆ. ಟಾರ್ಚ್ ಹಿಡಿದು ರಾತ್ರಿ ಹುಡುಕಿ ಆರಿಸಿ. ಹೆಚ್ಚಾಗಿದ್ದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಹುಳು ಕೊಲ್ಲುವ ಬ್ಯಾಕ್ಟೀರಿಯಾ) ಪುಡಿಯನ್ನು ನೀರಲ್ಲಿ ಬೆರೆಸಿ ಸಂಜೆ ಸಿಂಪಡಿಸಿ. ಗೆಣ್ಣುಗಳಲ್ಲಿ ಹತ್ತಿಯಂತಿರುವುದು ಹಿಟ್ಟು ತಿಗಣೆ: ಹತ್ತಿಯುಂಡೆಯನ್ನು 70 ಶೇಕಡಾ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿ, ಆಮೇಲೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಕೆಲವು ಹನಿ ದ್ರವ ಸಾಬೂನು ಬೆರೆಸಿ ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿ.

ಈ ಬಳ್ಳಿ ಎಷ್ಟು ಚಳಿ ತಡೆಯುತ್ತದೆ?

ಇದು ದಕ್ಷಿಣ ಅಮೆರಿಕದ ಬೆಚ್ಚಗಿನ ನಾಡಿನ ಗಿಡ. 10 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಬೆಳವಣಿಗೆ ಬಹುಮಟ್ಟಿಗೆ ನಿಲ್ಲುತ್ತದೆ. 0 ಡಿಗ್ರಿ ಹತ್ತಿರ ಬಣ್ಣದೆಲೆ ಮತ್ತು ಎಳೆ ಚಿಗುರು ಸುಡುತ್ತವೆ. ಮೈನಸ್ 2–4 ಡಿಗ್ರಿಗೆ ಕೆಲವು ಗಂಟೆ ಸಿಕ್ಕಿದರೆ ತೆಳು ಕೊಂಬೆಗಳು ಸಾಯುತ್ತವೆ. ಬಲಿತ ಬುಡ, ನೆಲದೊಳಗಿನ ಬೇರು ಉಳಿದು ಮತ್ತೆ ಚಿಗುರುವ ಸಾಧ್ಯತೆ ಇದೆ. ಅದಕ್ಕೂ ಕೆಳಗೆ ಹೋಗುವ ಊರುಗಳಲ್ಲಿ ಇದನ್ನು ಕುಂಡದಲ್ಲೇ ಬೆಳೆಸಬೇಕು.

ಕುಂಡದ ಗಿಡ ನೆಲದ ಗಿಡಕ್ಕಿಂತ ಬೇಗ ಸಾಯುತ್ತದೆ ಎಂಬುದನ್ನು ಮರೆಯಬೇಡಿ. ನೆಲ ತನ್ನ ಶಾಖವನ್ನು ಹಿಡಿದುಕೊಂಡಿರುತ್ತದೆ; ಕುಂಡದಲ್ಲಿ ಸುತ್ತಲಿನ ಗಾಳಿಯ ಚಳಿ ನೇರ ಬೇರಿಗೆ ತಟ್ಟುತ್ತದೆ. ಇನ್ನೂ ಮುಖ್ಯವಾದ ಮಾತು: ಒಣ ಮಣ್ಣಿನಲ್ಲಿ ತಡೆದುಕೊಂಡ ಚಳಿಯನ್ನೇ ಕೆಸರು ಮಣ್ಣಿನಲ್ಲಿ ಬೇರು ತಡೆಯುವುದಿಲ್ಲ. ಚಳಿ ಮತ್ತು ಒದ್ದೆ ಎರಡೂ ಕೂಡಿದಾಗ ಕೊಳೆತ ಬರುತ್ತದೆ, ಗಿಡ ಸತ್ತದ್ದು ವಸಂತದಲ್ಲಷ್ಟೇ ಗೊತ್ತಾಗುತ್ತದೆ.

ನೆಲದಲ್ಲಿರುವ ಬಳ್ಳಿಯನ್ನು ಹಿಮ ಬೀಳುವ ರಾತ್ರಿಗಳಿಂದ ಕಾಪಾಡುವುದು ಹೇಗೆ?

ಅರ್ಧ ಕೆಲಸ ನೆಡುವಾಗಲೇ ಆಗಿರಬೇಕು. ಉತ್ತರ ಗೋಳಾರ್ಧದಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ ಮುಖ ಮಾಡಿದ ಗೋಡೆಯ ಬುಡದಲ್ಲಿ ನೆಟ್ಟರೆ ಹಗಲು ಕಾದ ಗೋಡೆ ರಾತ್ರಿ ಶಾಖ ಬಿಡುತ್ತದೆ. ತಣ್ಣನೆ ಗಾಳಿ ಬಂದು ನಿಲ್ಲುವ ತಗ್ಗಿನಲ್ಲಿ ನೆಡಬೇಡಿ.

ಚಳಿಗಾಲದ ಮೊದಲು ಬುಡದ ಸುತ್ತ 8–10 ಸೆಂ.ಮೀ. ದಪ್ಪಕ್ಕೆ ತರಗೆಲೆ, ಒಣಹುಲ್ಲು ಅಥವಾ ಮರದ ತೊಗಟೆ ಹರಡಿ. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಜಾಗ ಬಿಡಿ. ಹಿಮದ ಮುನ್ಸೂಚನೆ ಇರುವ ದಿನ ಮಣ್ಣು ಪುಡಿಪುಡಿ ಒಣಗಿದ್ದರೆ ಮಧ್ಯಾಹ್ನ ಸ್ವಲ್ಪ ನೀರು ಹಾಕಿ, ಏಕೆಂದರೆ ತೇವವಿರುವ ಮಣ್ಣು ಹಗಲಿನ ಶಾಖ ಹೆಚ್ಚು ಹಿಡಿಯುತ್ತದೆ. ತೇವ ಅಂದರೆ ತೇವ, ಕೆಸರಲ್ಲ. ಸೂರ್ಯ ಮುಳುಗುವ ಮೊದಲೇ ಹಳೆಯ ಹೊದಿಕೆ ಅಥವಾ ಗಿಡಕ್ಕೆಂದೇ ಬರುವ ಹಿಮಬಟ್ಟೆಯನ್ನು ನೆಲ ಮುಟ್ಟುವವರೆಗೆ ಹೊದಿಸಿ ಅಂಚಿಗೆ ಕಲ್ಲಿಡಿ. ಗಿಡವನ್ನು ಕಾಯುವುದು ನೆಲದಿಂದ ಏಳುವ ಶಾಖ. ಕಾಂಡಕ್ಕೆ ಗಂಟು ಹಾಕಿ ಕಟ್ಟಿದರೆ ಆ ಶಾಖ ಹೊರಗೇ ಉಳಿಯುತ್ತದೆ. ಪ್ಲಾಸ್ಟಿಕ್ ಎಲೆಗೆ ತಾಗಿದಲ್ಲೆಲ್ಲ ಎಲೆ ಸುಡುತ್ತದೆ. ಅದೊಂದೇ ಇದ್ದರೆ ಕೋಲು ನೆಟ್ಟು ಮೇಲೆ ಹರಡಿ. ಬೆಳಿಗ್ಗೆ ಬಿಸಿಲೇರಿದ ಮೇಲೆ ತೆಗೆಯಲೇಬೇಕು.

ಕುಂಡದ ಗಿಡವನ್ನು ಯಾವಾಗ ಒಳಗೆ ತರಬೇಕು? ಎಲ್ಲಿಡಬೇಕು?

ರಾತ್ರಿಯ ಉಷ್ಣತೆ 8–10 ಡಿಗ್ರಿಗೆ ಇಳಿಯತೊಡಗಿದಾಗ. ತರುವ ಮೊದಲು ಎಲೆಯಡಿ, ಗೆಣ್ಣು, ಕುಂಡದ ತಳ ಎಲ್ಲವನ್ನೂ ನೋಡಿ. ಒಂದು ಹಿಟ್ಟು ತಿಗಣೆ ಒಳಗೆ ಬಂದರೂ ಬೆಚ್ಚಗಿನ ಕೋಣೆಯಲ್ಲಿ ತಿಂಗಳಲ್ಲಿ ಗಿಡವೆಲ್ಲ ಬಿಳಿಯಾಗುತ್ತದೆ.

ಎರಡು ದಾರಿಗಳಿವೆ. ಒಂದು, ಗಿಡವನ್ನು ಎಚ್ಚರವಾಗಿಡುವುದು: ಅತಿ ಹೆಚ್ಚು ಬಿಸಿಲು ಬರುವ ಕಿಟಕಿ, 15 ಡಿಗ್ರಿಗಿಂತ ಮೇಲೆ, ಹೀಟರಿನ ಬಿಸಿಗಾಳಿ ತಾಗದ ಜಾಗ. ಸ್ವಲ್ಪ ಎಲೆ ಉದುರುತ್ತದೆ, ಉಳಿದದ್ದು ನಿಲ್ಲುತ್ತದೆ. ಇನ್ನೊಂದು, ಮಲಗಿಸುವುದು: 5–10 ಡಿಗ್ರಿಯ ತಂಪು ಕೋಣೆ, ಹಿಮಗಟ್ಟದ ಗ್ಯಾರೇಜ್ ಅಥವಾ ನೆಲಮಾಳಿಗೆ. ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯುತ್ತದೆ. ಎಲೆ ಇಲ್ಲದ ಗಿಡಕ್ಕೆ ಬೆಳಕು ಕಡಿಮೆಯಿದ್ದರೂ ನಡೆಯುತ್ತದೆ. ಒಳ್ಳೆಯ ಕಿಟಕಿ ಇಲ್ಲದವರಿಗೆ ಎರಡನೆಯದೇ ಸರಿ. ಬೆಚ್ಚಗೆ ಆದರೆ ಮಬ್ಬು ಬೆಳಕು ಎಂಬ ನಡುವಿನ ಸ್ಥಿತಿ ಎಲ್ಲಕ್ಕಿಂತ ಕೆಟ್ಟದ್ದು: ಬೆಚ್ಚಗಿದೆಯೆಂದು ಗಿಡ ಚಿಗುರುತ್ತದೆ, ಬೆಳಕಿಲ್ಲದೆ ಆ ಚಿಗುರು ಬಿಳಿಚಿ ಉದ್ದವಾಗುತ್ತದೆ, ಕೂಡಿಟ್ಟ ಶಕ್ತಿಯೆಲ್ಲ ವ್ಯರ್ಥವಾಗುತ್ತದೆ.

ನೀರು, ಮಲಗಿದ ಗಿಡಕ್ಕೆ 3–4 ವಾರಕ್ಕೊಮ್ಮೆ, ಬೇರುಂಡೆ ಪೂರ್ತಿ ಒಣಗಿ ಕಲ್ಲಾಗದಿರಲು ಬೇಕಾದಷ್ಟು. 30 ಸೆಂ.ಮೀ. ಕುಂಡಕ್ಕೆ ಒಂದೆರಡು ಲೋಟ ಸಾಕು. ಕಿಟಕಿಯ ಗಿಡಕ್ಕೆ ಬೆರಳಿನ ಪರೀಕ್ಷೆಯೇ ಆಧಾರ. ಎರಡಕ್ಕೂ ಗೊಬ್ಬರ ಬೇಡ.

ಒಳಗೆ ತಂದ ವಾರದಲ್ಲೇ ಎಲೆಯೆಲ್ಲ ಉದುರಿತು. ಸತ್ತಿತೇ?

ಬಹುತೇಕ ಇಲ್ಲ. ಬೆಳಕು ಒಮ್ಮೆಲೇ ಕಡಿಮೆಯಾದರೆ ಎಲೆ ಉದುರಿಸುವುದು ಇದರ ಸ್ವಭಾವ. ಉಗುರಿನಿಂದ ಕೊಂಬೆಯ ತೊಗಟೆಯನ್ನು ಮೆಲ್ಲಗೆ ಕೆರೆಯಿರಿ. ಒಳಗೆ ಹಸಿರು, ತೇವ ಇದ್ದರೆ ಜೀವವಿದೆ. ಕಂದು, ಒಣ ಇದ್ದರೆ ಆ ಭಾಗ ಸತ್ತಿದೆ, ಇನ್ನೂ ಕೆಳಗೆ ಕೆರೆದು ನೋಡಿ. ಈ ಹೊತ್ತಿನಲ್ಲಿ ಜನ ಗಾಬರಿಯಿಂದ ನೀರು ಸುರಿಯುತ್ತಾರೆ. ಎಲೆ ಇಲ್ಲದ ಗಿಡ ನೀರು ಕುಡಿಯುವುದಿಲ್ಲ, ಹಾಕಿದ್ದೆಲ್ಲ ಮಣ್ಣಲ್ಲೇ ನಿಂತು ಬೇರು ಕೊಳೆಸುತ್ತದೆ. ದಯವಿಟ್ಟು ಕೈ ಕಟ್ಟಿ ಕೂರಿ.

ಹಿಮ ಬಡಿದು ಕೊಂಬೆ ಕಪ್ಪಾಗಿದೆ. ಈಗಲೇ ಕತ್ತರಿಸಲೇ?

ಬೇಡ. ಸತ್ತ ಕೊಂಬೆಯೇ ಕೆಳಗಿನ ಬದುಕಿರುವ ಭಾಗಕ್ಕೆ ಮರೆ. ಈಗ ಕತ್ತರಿಸಿದರೆ ಗಿಡ ಚಿಗುರಲು ಹೊರಡುತ್ತದೆ, ಮುಂದಿನ ಹಿಮ ಆ ಚಿಗುರನ್ನೂ ಕೊಲ್ಲುತ್ತದೆ. ಹಿಮದ ಭಯ ಪೂರ್ತಿ ಕಳೆಯಲಿ. ಆಮೇಲೆ ಕೆರೆದು ನೋಡುತ್ತ ಹಸಿರು ಸಿಕ್ಕುವವರೆಗೆ ಕತ್ತರಿಸಿ. ಮೇಲೆಲ್ಲ ಸತ್ತಿದ್ದರೂ ಬುಡ ಅಗೆದು ಎಸೆಯುವ ಅವಸರ ಬೇಡ. ಬೇರಿನಿಂದ ಚಿಗುರು ಬರಲು ಬೇಸಿಗೆಯ ಆರಂಭದವರೆಗೂ ಸಮಯ ಹಿಡಿಯಬಹುದು. ಕಸಿ ಗಿಡವಾಗಿದ್ದರೆ ಚಿಗುರು ಕಸಿಗಂಟಿನ ಮೇಲಿನಿಂದ ಬಂದಿದೆಯೇ ನೋಡಿ.

ಚಳಿ ಕಳೆದ ಮೇಲೆ ಹೊರಗಿಡುವ ಕ್ರಮವೇನು?

ರಾತ್ರಿ 10 ಡಿಗ್ರಿಗಿಂತ ಮೇಲೆ ನಿಂತ ಮೇಲೆ ತೆಗೆಯಿರಿ. ಮೊದಲ ಎರಡು ದಿನ ನೆರಳು, ಆಮೇಲೆ ಬೆಳಗಿನ ಬಿಸಿಲು ಒಂದೆರಡು ಗಂಟೆ, ಹೀಗೆ ಏರಿಸುತ್ತ 7–10 ದಿನದಲ್ಲಿ ಪೂರ್ತಿ ಬಿಸಿಲಿಗೆ. ಒಳಗೆ ಬಂದ ಎಲೆ ತೆಳು, ನೇರ ಬಿಸಿಲಿಗಿಟ್ಟರೆ ಒಂದೇ ದಿನದಲ್ಲಿ ಬಿಳಿ ಮಚ್ಚೆ ಬಿದ್ದು ಸುಡುತ್ತದೆ. ಇದೇ ವಾರದಲ್ಲಿ ದೊಡ್ಡ ಸವರಿಕೆ ಮಾಡಿ, ಚಿಗುರು ಕಂಡ ಮೇಲೆ ನೀರು ಹೆಚ್ಚಿಸಿ, ಎಲೆ ಬಲಿತ ಮೇಲೆ ಗೊಬ್ಬರ ಶುರು ಮಾಡಿ.

ನಮ್ಮಲ್ಲಿ ಹಿಮವೇ ಬೀಳುವುದಿಲ್ಲ. ಆಗಲೂ ಚಳಿಗಾಲಕ್ಕೆ ಏನಾದರೂ ಮಾಡಬೇಕೇ?

ನಿಮಗೆ ಅದೇ ಹೂವಿನ ಕಾಲ. ಮಳೆ ನಿಂತು, ಹಗಲು ಚಿಕ್ಕದಾಗಿ, ಬಿಸಿಲು ಮಾತ್ರ ಚೆನ್ನಾಗಿರುವ ಆ ತಿಂಗಳುಗಳಲ್ಲಿ ಬಳ್ಳಿ ತಾನಾಗಿ ಮೊಗ್ಗು ಕಟ್ಟುತ್ತದೆ. ಮಳೆ ಮುಗಿಯುವ ಹೊತ್ತಿಗೆ ತುದಿ ಚಿವುಟಿ, ನೀರು ಕಡಿಮೆ ಮಾಡಿ, ಸಾರಜನಕ ನಿಲ್ಲಿಸಿ. ಇಷ್ಟೇ.

ಗಿಡ ಕಳೆದುಕೊಳ್ಳುವ ಭಯವಿದ್ದರೆ ಕಡ್ಡಿ ನೆಟ್ಟು ಇನ್ನೊಂದು ಗಿಡ ಮಾಡಿಕೊಳ್ಳಬಹುದೇ?

ಖಂಡಿತ, ಬೆಲೆಬಾಳುವ ತಳಿಯಾದರೆ ಮಾಡಿಕೊಳ್ಳಲೇಬೇಕು. ಅರ್ಧ ಬಲಿತ, ಪೆನ್ಸಿಲ್ ದಪ್ಪದ ಕೊಂಬೆಯಿಂದ 15–20 ಸೆಂ.ಮೀ. ಕಡ್ಡಿ ತೆಗೆಯಿರಿ, ನಾಲ್ಕೈದು ಗೆಣ್ಣಿರಲಿ. ಕೆಳತುದಿಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಎಲೆ ಎಲ್ಲ ತೆಗೆದು, ಬೇರು ಬರಿಸುವ ಪುಡಿಯಲ್ಲಿ ಅದ್ದಿ. ಮರಳು, ನಾರಿನ ಪುಡಿ ಸಮಪಾಲು ಬೆರೆಸಿದ್ದರಲ್ಲಿ ಎರಡು ಗೆಣ್ಣು ಮುಚ್ಚುವಂತೆ ನೆಟ್ಟು, ಪಾರದರ್ಶಕ ಚೀಲ ಹೊದಿಸಿ, ನೇರ ಬಿಸಿಲಿಲ್ಲದ ಬೆಳಕಿನಲ್ಲಿ 21–25 ಡಿಗ್ರಿ ಬೆಚ್ಚಗಿಡಿ. ಬೇರಿಗೆ 6–8 ವಾರ ಬೇಕು. ನಡುವೆ ಚಿಗುರು ಕಂಡರೆ ಬೇರು ಬಂತೆಂದುಕೊಳ್ಳಬೇಡಿ. ಕಡ್ಡಿಯಲ್ಲಿ ಉಳಿದ ಶಕ್ತಿಯಿಂದಲೂ ಎಲೆ ಬರುತ್ತದೆ. ಎಳೆದು ಪರೀಕ್ಷಿಸಿದರೆ ಆಗಷ್ಟೇ ಮೂಡಿದ ಬೇರು ಮುರಿಯುತ್ತದೆ. ಬೇಸಿಗೆಯಲ್ಲಿ ನೆಟ್ಟರೆ ಚಳಿಯೊಳಗೆ ಗಟ್ಟಿಯಾಗುತ್ತದೆ.

ಬೇರೆ ಹೂಬಳ್ಳಿಗಳಿಗೂ ಇದೇ ಕ್ರಮ ಸಾಕೇ?

ಸಾಲದು. ವಿಸ್ಟೀರಿಯಾ ಕಡು ಚಳಿಯನ್ನೂ ತಡೆಯುತ್ತದೆ, ಅದನ್ನು ಒಳಗೆ ತರುವ ಮಾತೇ ಇಲ್ಲ. ಆದರೆ ಅದರ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ಕಟ್ಟಿರುತ್ತದೆ, ಚಳಿಗಾಲದಲ್ಲಿ ಸಿಕ್ಕಾಪಟ್ಟೆ ಸವರಿದರೆ ಆ ವರ್ಷದ ಹೂವೇ ಹೋಯಿತು. ಕೃಷ್ಣಕಮಲದ ಜಾತಿಗಳು ಹೊಸ ಚಿಗುರಿನಲ್ಲಿ ಹೂ ಬಿಡುತ್ತವೆ, ಚಳಿ ಮುಗಿದಾಗ ಧೈರ್ಯವಾಗಿ ಸವರಬಹುದು. ನೀಲಿ ಹೂವಿನದು ಹಿಮ ತಡೆಯುತ್ತದೆ, ಹಣ್ಣಿಗಾಗಿ ಬೆಳೆಸುವ ನೇರಳೆ ಬಣ್ಣದ್ದು ಅಷ್ಟು ತಡೆಯುವುದಿಲ್ಲ. ಮ್ಯಾಂಡೆವಿಲ್ಲಾ ಬೋಗನ್‌ವಿಲ್ಲಾಗಿಂತ ನಾಜೂಕು, 10 ಡಿಗ್ರಿಗೆ ಇಳಿಯುವ ಮೊದಲೇ ಒಳಗಿರಬೇಕು ಮತ್ತು ಹೂವಿಗಾಗಿ ಅದನ್ನು ಒಣಗಿಸಬಾರದು. ಗುಲಾಬಿ ಮೊಗ್ಗಿನ ಬಳ್ಳಿ ಮಲ್ಲಿಗೆಗೆ ಮೊಗ್ಗು ಕಟ್ಟಲು ಕೆಲವು ವಾರ ತಂಪು ರಾತ್ರಿ ಬೇಕೇ ಬೇಕು. ಅದನ್ನು ಬೇಗ ಬೆಚ್ಚಗಿನ ಕೋಣೆಗೆ ತಂದರೆ ಎಲೆ ಮಾತ್ರ ಉಳಿಯುತ್ತದೆ.